ಪಂಚಮಿಯ ದಿನ ಸೂಜಿ ಕೆಳಗಿಳಿಯಿತು

ಮೂವತ್ತಾರು ವರ್ಷ ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಭೂಮಿ ಸುಮ್ಮನೆ ಮಲಗಿರುವುದನ್ನು ನೋಡುತ್ತ ಕೂತಿದ್ದೆ ಎನ್ನುತ್ತೇನೆ. ತಮಾಷೆಯಲ್ಲ, ನಿಜಕ್ಕೂ ಅದೇ ಕೆಲಸ. ವರ್ತೂರು ಕೆರೆಯಿಂದಾಚೆ ಒಂದು ಬೋಳು ಬಂಡೆಯ ಬೆನ್ನ ಮೇಲೆ ನಮ್ಮ ಭೂಕಂಪ ಮಾಪನ ಕೇಂದ್ರವಿತ್ತು. ಕೇಂದ್ರ ಎಂದರೆ ದೊಡ್ಡ ಕಟ್ಟಡವೇನಲ್ಲ. ದಪ್ಪ ಗೋಡೆಯ ಎರಡು ಕೋಣೆ, ಒಂದು ಹೊಂಗೆ ಮರ, ಸುತ್ತ ತಂತಿ ಬೇಲಿ. ಹಳ್ಳಿಯವರು ಅದನ್ನು ಭೂಕಂಪದ ಮನೆ ಎಂದು ಕರೆಯುತ್ತಿದ್ದರು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊನ್ನೆ ದೊಡ್ಡನೆಕ್ಕುಂದಿಯ ನನ್ನ ಮನೆಗೆ ಬಂದು, 'ಆಗ ಹೇಗಿತ್ತು ಹೇಳಿ ಸಾರ್' ಎಂದು ಕೇಳಿದರು. ಬಾಯಲ್ಲಿ ಹೇಳಲು ಹೋದರೆ ನಾನು ದಾರಿ ತಪ್ಪುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಪುರಾಣ ಇದರಲ್ಲಿಲ್ಲ.

ಒಳಕೋಣೆಯಲ್ಲಿ ಬಂಡೆಯಿಂದಲೇ ಎದ್ದು ಬಂದಂತಹ ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ಯಂತ್ರ. ಕಾಗದ ಸುತ್ತಿದ ಒಂದು ಉರುಳೆ ನಿಧಾನವಾಗಿ ತಿರುಗುತ್ತಿತ್ತು; ಶಾಯಿಯ ಸೂಜಿಯೊಂದು ಅದರ ಮೇಲೆ ಗೀಟು ಎಳೆಯುತ್ತಿತ್ತು. ನೆಲ ಅಲುಗಿದರೆ ಗೀಟು ನಡುಗುತ್ತದೆ, ಇಲ್ಲವಾದರೆ ನೇರವಾಗಿ ಹೋಗುತ್ತದೆ. ದಿನಾ ಬೆಳಿಗ್ಗೆ ಹಳೆಯ ಕಾಗದ ತೆಗೆದು ಹೊಸತು ಸುತ್ತಬೇಕು. ಆ ಒಂದೆರಡು ನಿಮಿಷ ಭೂಮಿಯನ್ನು ನೋಡುವವರು ಯಾರೂ ಇರುವುದಿಲ್ಲವಲ್ಲ ಎಂದು ಮೊದಮೊದಲು ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವಸರದಲ್ಲಿ ಶಾಯಿ ಚೆಲ್ಲಿ ಎಷ್ಟು ಅಂಗಿ ಹಾಳು ಮಾಡಿಕೊಂಡೆನೋ ನನ್ನ ಹೆಂಡತಿಯನ್ನೇ ಕೇಳಬೇಕು.

ಆ ಕೋಣೆಗೆ ಬರಿಗಾಲಲ್ಲಿ ಹೋಗಬೇಕಿತ್ತು. ಭಕ್ತಿಗಲ್ಲ, ನಮ್ಮ ಹೆಜ್ಜೆಯನ್ನೂ ಸೂಜಿ ಬರೆದುಬಿಡುತ್ತಿತ್ತು. ಮೆಲ್ಲಗೆ ನಡೆದೂ ನಡೆದೂ ಅದೇ ಅಭ್ಯಾಸವಾಯಿತು. "ಮನೇಲೂ ಬೆಕ್ಕಿನ ಥರ ಬಂದು ಹಿಂದೆ ನಿಂತ್ಕೋತೀರಲ್ಲ, ಜೀವ ಹೋಗತ್ತೆ," ಎಂದು ನನ್ನಾಕೆ ಇವತ್ತಿಗೂ ಬೈಯುತ್ತಾಳೆ.

ನನಗೆ ಕೆಲಸ ಕಲಿಸಿದವರು ಶೇಷಾದ್ರಿ ಸಾರ್. ನಮ್ಮ ಕೇಂದ್ರದ ಹಿರಿಯ ವಿಜ್ಞಾನಿ, ಮೂಗಿನ ತುದಿಯಲ್ಲೇ ಕೋಪ. ತಪ್ಪು ಮಾಡಿದರೆ ಕಾಗದವನ್ನು ಮುಖದ ಮುಂದೆ ಹಿಡಿದು "ಸೂಜಿ ಸುಳ್ಳು ಹೇಳಲ್ಲ ಕಣಯ್ಯ, ಓದೋನು ಹೇಳ್ತಾನೆ," ಎನ್ನುತ್ತಿದ್ದರು. ಆದರೆ ಸಂಜೆ ಬಂಡೆಯ ಮೇಲೆ ಚಹಾ ಲೋಟ ಹಿಡಿದು ಕೂತರೆ ಅವರೇ ಬೇರೆ. ಬಿಸಿಲಿಗೆ ಕಾದ ಬಂಡೆ ಕೆಳಗೆ ಬೆಚ್ಚಗಿರುತ್ತಿತ್ತು, ಮುಂದೆ ಕೆರೆ ಹೊಳೆಯುತ್ತಿತ್ತು, ಕೊಕ್ಕರೆಗಳು ಸಾಲಾಗಿ ಇಳಿಯುತ್ತಿದ್ದವು. ಅಲ್ಲಲ್ಲಿ ನಿಂತಿದ್ದ ಗುಂಡು ಬಂಡೆಗಳನ್ನು ತೋರಿಸಿ ಅವರು ಕೇಳುತ್ತಿದ್ದರು, "ಇವನ್ನ ಯಾರು ಉರುಳಿಸಿಕೊಂಡು ಬಂದ್ರು ಹೇಳು ರಂಗನಾಥ?"

ಹಿಂದಿನ ಕಾಲದ ರಾಕ್ಷಸರಿರಬೇಕು ಎಂದೆ.

"ಯಾರೂ ಇಲ್ಲ. ಇವೆಲ್ಲ ನೆಲದ ಒಳಗೇ ದುಂಡಗಾದವು. ಬಂಡೆ ಬಿರುಕು ಬಿಡತ್ತೆ, ಬಿರುಕಲ್ಲಿ ನೀರಿಳಿಯತ್ತೆ, ಮೂಲೆಗಳು ಮೊದಲು ಮಣ್ಣಾಗತ್ತೆ. ಮಧ್ಯದ ಗಟ್ಟಿ ಉಳಿಯತ್ತೆ. ಆಮೇಲೆ ಮೇಲಿನ ಮಣ್ಣನ್ನ ಮಳೆ ತೊಳೆಯತ್ತೆ, ಇವು ತಲೆ ಎತ್ತುತ್ವೆ. ಆ ಕೆರೆ ಇದ್ಯಲ್ಲ, ಅದೂ ಮೊದಲು ಬರೀ ಕಣಿವೆ. ತೊರೆ ಕೊರೆದ ಕಣಿವೆಗೆ ಹಿರೀಕರು ಏರಿ ಕಟ್ಟಿದ್ರು ಅಷ್ಟೆ."

ನೆಲವನ್ನು ಒಳಗಿನ ಬಲ ಎತ್ತುತ್ತದೆ, ಹೊರಗಿನ ನೀರು ಗಾಳಿ ತಗ್ಗಿಸುತ್ತದೆ. ಬೆಟ್ಟ, ಬಯಲು, ಕಣಿವೆ ಎಲ್ಲ ಆ ಹಗ್ಗಜಗ್ಗಾಟದ್ದೇ ಫಲ ಎಂದು ಅವರು ಹೇಳುತ್ತಿದ್ದರು. ನಮ್ಮ ಪ್ರಸ್ಥಭೂಮಿ ಮುದುಕ, ಅಷ್ಟು ಸುಲಭಕ್ಕೆ ಏಳುವುದಿಲ್ಲ. ಆದರೂ ಇಡೀ ದೇಶದ ನೆಲ ಒಂದು ದೊಡ್ಡ ಹಲಗೆಯಾಗಿ ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿದೆ, ಆ ಒತ್ತಡ ಇಲ್ಲಿನ ಹಳೆಯ ಬಿರುಕುಗಳಿಗೂ ತಟ್ಟುತ್ತದೆ. ಎಂದೋ ಒಮ್ಮೆ ಮುದುಕ ಮಗ್ಗುಲು ಬದಲಿಸುತ್ತಾನೆ. ಅದನ್ನು ಬರೆದಿಡಲು ನಾವು ಅಲ್ಲಿದ್ದೆವು.

ಮೊದಲ ವರ್ಷವೇ ನಾನೊಂದು ದೊಡ್ಡ ಭೂಕಂಪ ಕಂಡುಹಿಡಿದೆ. ಸೂಜಿ ಹತ್ತು ನಿಮಿಷ ಕುಣಿದಿತ್ತು. ಸೈಕಲ್ ತುಳಿದುಕೊಂಡು ಮಾರತ್ತಹಳ್ಳಿಯವರೆಗೆ ಹೋಗಿ ಶೇಷಾದ್ರಿ ಸಾರ್ ಮನೆಗೆ ಫೋನು ಮಾಡಿದೆ. ಅವರು ಊಟ ಬಿಟ್ಟು ಓಡಿ ಬಂದರು. ಕಾಗದ ನೋಡಿದರು, ಹೊರಗೆ ಹೋಗಿ ಗೋಡೆ ಸುತ್ತಿ ಬಂದರು. "ನಿನ್ನ ಭೂಕಂಪ ಹಿಂದೆ ಹುಲ್ಲು ಮೇಯ್ತಾ ಇದೆ, ಹೋಗಿ ನೋಡು," ಎಂದರು. ಬೇಲಿ ನುಗ್ಗಿ ಬಂದ ಎಮ್ಮೆಯೊಂದು ಗೋಡೆಗೆ ಬೆನ್ನು ಉಜ್ಜಿಕೊಂಡಿತ್ತು! ಆಮೇಲೆ ಎಷ್ಟೋ ವರ್ಷ ನಮ್ಮ ಕಚೇರಿಯಲ್ಲಿ ಅನುಮಾನದ ಗೀಟಿಗೆಲ್ಲ ರಂಗನಾಥನ ಎಮ್ಮೆ ಎಂದೇ ಹೆಸರು.

ನಿಜವಾದ ದೂರದ ಭೂಕಂಪ ಬಂದಾಗ ಮಾತ್ರ ಕೋಣೆಯ ಗಾಳಿಯೇ ಬೇರೆ ಆಗುತ್ತಿತ್ತು. ಮೊದಲು ಸಣ್ಣ ನಡುಕ. ಅದು ಅವಸರದ ಅಲೆ, ಬಂಡೆಯನ್ನು ತಳ್ಳಿ ಎಳೆದು ಬರುವಂಥದ್ದು. ಸ್ವಲ್ಪ ಹೊತ್ತಿಗೆ ಎರಡನೆಯದು, ನಿಧಾನಿ, ಆದರೆ ಹೆಚ್ಚು ಅಲುಗಿಸುವಂಥದ್ದು. ಇವೆರಡರ ನಡುವಿನ ಸಮಯ ಎಷ್ಟೋ, ಭೂಕಂಪ ಅಷ್ಟು ದೂರ. ಎಲ್ಲಕ್ಕೂ ಕೊನೆಗೆ ನೆಲದ ಮೇಲ್ಮೈಯ ಅಲೆಗಳು ಸಾಗರದಂತೆ ಏರಿ ಇಳಿದು ಬರುತ್ತವೆ. ನನ್ನ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಹೊರಗೆ ಹೊಂಗೆಯ ಎಲೆ ಕೂಡ ಅಲುಗುತ್ತಿರಲಿಲ್ಲ. ಎಲ್ಲೋ ಸಾವಿರಾರು ಮೈಲಿ ಆಚೆ ಮನೆಗಳು ಬಿದ್ದಿರುತ್ತವೆ, ಆ ಸುದ್ದಿ ಇನ್ನೂ ರೇಡಿಯೋಗೆ ಬಂದಿರುವುದಿಲ್ಲ, ಈ ಬೋಳು ಬಂಡೆಗೆ ಆಗಲೇ ತಿಳಿದಿರುತ್ತದೆ. ನಾನು ಸ್ಕೇಲು ಹಿಡಿದು ಅಳೆಯುತ್ತಲೇ ಅತ್ತದ್ದುಂಟು.

ಈಗ ಆ ಪಂಚಮಿಯ ವಿಷಯಕ್ಕೆ ಬರುತ್ತೇನೆ. ಈ ಬರಹ ಅದಕ್ಕಾಗಿಯೇ.

ಕೇಂದ್ರದಿಂದ ಒಂದೆರಡು ಮೈಲಿ ದೂರದಲ್ಲಿ ಒಂದು ಕಲ್ಲು ಕ್ವಾರಿ ಇತ್ತು. ವೈಟ್‌ಫೀಲ್ಡ್ ಕಡೆ ಗಾಜಿನ ಕಟ್ಟಡಗಳು ಏಳತೊಡಗಿದ ಕಾಲ, ಕಲ್ಲಿಗೆ ಬೇಡಿಕೆಯೋ ಬೇಡಿಕೆ. ದಿನಾ ಸಂಜೆ ನಾಲ್ಕು ಹತ್ತರ ಸುಮಾರಿಗೆ ಅಲ್ಲಿ ಮದ್ದು ಸಿಡಿಸುತ್ತಿದ್ದರು. ನಮ್ಮ ಸೂಜಿ ಚಕ್ಕನೆ ಹಾರುತ್ತಿತ್ತು. ಅದರ ಪಕ್ಕದಲ್ಲಿ ಕ್ವಾರಿ ಎಂಬುದಕ್ಕೆ ಇಂಗ್ಲಿಷಿನ ಕ್ಯೂ ಅಕ್ಷರ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಕಾಗದ ಬಿಚ್ಚಿದೊಡನೆ ಕೈ ತಾನಾಗಿ ನಾಲ್ಕು ಹತ್ತರ ಜಾಗಕ್ಕೆ ಹೋಗಿ ಕ್ಯೂ ಬರೆದು ಬರುತ್ತಿತ್ತು, ಕಣ್ಣು ಹೋಗದಿದ್ದರೂ.

ಆದರೆ ಶೇಷಾದ್ರಿ ಸಾರ್ ಮೊದಲ ತಿಂಗಳೇ ಎಚ್ಚರಿಸಿದ್ದರು. ಎರಡು ಅಂಗೈ ಜೋಡಿಸಿ ಒಂದರ ಮೇಲೊಂದು ಜಾರಿಸಿ ತೋರಿಸಿದ್ದರು. "ಸಿಡಿತ ಅಂದ್ರೆ ತಳ್ಳೋದು. ಎಲ್ಲಾ ದಿಕ್ಕಿಗೂ ಹೊರಗೇ ತಳ್ಳತ್ತೆ. ಅದಕ್ಕೇ ನಮ್ಮ ಸೂಜಿ ಮೊದಲು ಮೇಲಕ್ಕೇ ಹೋಗತ್ತೆ, ಯಾವಾಗ್ಲೂ. ಭೂಕಂಪದಲ್ಲಿ ಬಂಡೆಯ ಎರಡು ಹೋಳು ಹೀಗೆ ಜಾರತ್ತೆ. ಒಂದು ಕಡೆಯವರಿಗೆ ತಳ್ಳಿದ ಹಾಗೆ, ಇನ್ನೊಂದು ಕಡೆಯವರಿಗೆ ಎಳೆದ ಹಾಗೆ. ಮೊದಲ ಹೆಜ್ಜೆ ನೋಡದೆ ಹೆಸರು ಇಡಬೇಡ." ನಾನು ತಲೆಯಾಡಿಸಿದ್ದೆ. ತಲೆಯಾಡಿಸಲು ಏನು ಕಷ್ಟ!

ನಾನು ಸೇರಿ ಎಷ್ಟೋ ವರ್ಷವಾದ ಮೇಲೆ ಒಂದು ಶ್ರಾವಣದಲ್ಲಿ ಸರ್ಕಾರಿ ಕಚೇರಿಯೊಂದರಿಂದ ಪತ್ರ ಬಂತು. ನಾಗರಪಂಚಮಿಯ ಸಂಜೆ ಕ್ವಾರಿಯಲ್ಲಿ ಸಿಡಿತ ಆಗಿದೆಯೇ ಎಂದು ಕೇಳಿದ್ದರು. ಕಾಗದದ ಗುರುತುಗಳನ್ನು ದಿನಾ ನಕಲು ಮಾಡಿಡುವ ದಪ್ಪ ಪುಸ್ತಕ ತೆರೆದೆ. ನಾಲ್ಕು ಹನ್ನೆರಡು, ಕ್ಯೂ. ಹೌದು, ಆಗಿದೆ ಎಂದು ಉತ್ತರ ಬರೆದೆ, ಸಹಿ ಹಾಕಿದೆ. ಶೇಷಾದ್ರಿ ಸಾರ್ ನನ್ನನ್ನು ನಂಬಿ ಕೆಳಗೆ ತಮ್ಮ ಸಹಿ ಹಾಕಿದರು. ಪತ್ರ ಹೋಯಿತು, ನಾನು ಮರೆತೇಬಿಟ್ಟೆ.

ಒಂದು ವಾರದ ಮೇಲೆ ಬೇಲಿಯ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ನಲವತ್ತರ ವಯಸ್ಸು, ಕಲ್ಲಿನ ಪುಡಿ ಹತ್ತಿ ಬಿಳಿಚಿದ ಕೈ. ಹಿಂದೆ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಸಾಹೇಬ್ರ, ನನ್ನ ಹೆಸರು ಯಲ್ಲಪ್ಪ ರೀ. ಬಾಗಲಕೋಟಿ ಕಡಿಯಾಂವ. ಕ್ವಾರ್‍ಯಾಗ ಮದ್ದ ಹಚ್ಚೋ ಕೆಲಸ ನಂದ," ಎಂದ. "ನಿಮ್ಮ ಹಾಳ್ಯಾಗ ನನ್ನ ಹೆಸರ ಬರದೈತಂತ."

"ಹೆಸರೇನೂ ಬರೆದಿಲ್ಲಪ್ಪ, ಸಿಡಿತ ಆಯ್ತು ಅಂತ ಅಷ್ಟೆ."

"ಅದ ನನ್ನ ಹೆಸರಲ್ಲೇನ್ರಿ?"

ಅವನು ಹೇಳಿದ್ದು ಇಷ್ಟು. ಪಂಚಮಿ ಅವರ ಕಡೆ ದೊಡ್ಡ ಹಬ್ಬ. ಅಣ್ಣನಾದವನು ಹೋಗಿ ತಂಗಿಯನ್ನು ಗಂಡನ ಮನೆಯಿಂದ ತವರಿಗೆ ಕರೆತರಬೇಕು. ಕ್ವಾರಿಯ ಆಳುಗಳೆಲ್ಲ ಊರಿಗೆ ಹೋಗಿದ್ದರು, ಇವನೂ ಹಿಂದಿನ ದಿನವೇ ಹೋಗಿದ್ದ. ಹಬ್ಬದ ಸಂಜೆ ಕೆರೆಯಂಚಿನ ಹಳ್ಳಿಯಲ್ಲಿ ನೆಲ ನಡುಗಿ ಮುನಿಯಮ್ಮ ಎಂಬ ಮುದುಕಿಯ ಕೊಟ್ಟಿಗೆ ಗೋಡೆ ಬಿದ್ದು ಹಸು ಸತ್ತಿತ್ತು. ಹಳ್ಳಿಯವರು ಕ್ವಾರಿಯ ಮೇಲೆ ದೂರು ಕೊಟ್ಟರು. ಕ್ವಾರಿಯ ಮಾಲೀಕ, ನಾನು ರಜೆ ಕೊಟ್ಟಿದ್ದೆ, ಯಲ್ಲಪ್ಪನೇ ಹೇಳದೆ ಕೇಳದೆ ಸಿಡಿಸಿ ಬಸ್ಸು ಹತ್ತಿರಬೇಕು ಎಂದು ಕೈ ತೊಳೆದುಕೊಂಡ. ಇವನು, ನಾನು ಊರಲ್ಲಿದ್ದೆ ಎಂದರೆ, ನಿನ್ನ ಊರವರು ನಿನ್ನ ಪರ ಹೇಳದೆ ಇನ್ನೇನು ಎಂದು ಪೊಲೀಸರು ಕೇಳಿದರು. ಅಷ್ಟರಲ್ಲಿ ನನ್ನ ಪತ್ರ ಬಂತು. ಅವನ ಪರವಾನಗಿ ಕಿತ್ತುಕೊಂಡಿದ್ದರು. ನಾಲ್ಕು ದಿನದಲ್ಲಿ ವಿಚಾರಣೆ, ಆಮೇಲೆ ಜೈಲು ಎಂದು ಹೆದರಿಸಿದ್ದರು.

"ಯಂತ್ರ ಸುಳ್ಳ ಹೇಳಂಗಿಲ್ಲ ಅಂತಾರ್ರಿ ಎಲ್ಲಾರೂ," ಎಂದ ಯಲ್ಲಪ್ಪ. "ನಾ ಮದ್ದ ಮುಟ್ಟಿಲ್ರಿ. ನಿಮ್ಮ ಯಂತ್ರಕ್ಕ ಒಂದ್ಸಲ ಕೇಳಿ ನೋಡ್ರಿ."

ನನಗೆ ಸಿಟ್ಟು ಬಂತು. ನನ್ನ ಕೆಲಸವನ್ನು ಇವನು ಪ್ರಶ್ನಿಸುವುದೇ ಎಂದು. ಆ ಸಿಟ್ಟಿನಲ್ಲೇ ಅವನನ್ನು ಒಳಗೆ ಕರೆದು, ಚಪ್ಪಲಿ ಬಿಡಿಸಿ, ಕಪಾಟಿನಿಂದ ಮೂರು ತಿಂಗಳ ಕಾಗದಗಳನ್ನು ತಂದು ಹೊರಕೋಣೆಯ ನೆಲದ ಮೇಲೆ ಹಾಸಿದೆ. ನೋಡು, ಇದೆಲ್ಲ ನಿಮ್ಮ ಕ್ವಾರಿಯದೇ ಎಂದು ತೋರಿಸಿದೆ.

ಅವನು ಮಂಡಿಯೂರಿ ಕೂತ. ಒಂದೊಂದೇ ನಡುಕದ ಮೇಲೆ ಬೆರಳು ತಾಗಿಸದೆ ಸವರಿದ. "ಇವೆಲ್ಲಾ ನಂದೇನ್ರಿ?" ಎಂದು ಕೇಳಿದ. ಆಮೇಲೆ ಅವನಿಗೇ ಗುರುತು ಸಿಗತೊಡಗಿತು. "ಇದ ಜೋರ ಐತಿ ನೋಡ್ರಿ. ಆವತ್ತ ಕಲ್ಲ ಭಾಳ ಬಿರುಸಿತ್ತು, ಮದ್ದ ಜಾಸ್ತಿ ತುಂಬಿದ್ದೆ. ಇದ ಸಣ್ಣದು, ಮಳಿ ಬಂದು ಮದ್ದ ಹಸಿ ಆಗಿತ್ತು." ಅವನ ಹೆಂಡತಿ ಬಾಗಿಲಲ್ಲೇ ಕೂತು ನೋಡುತ್ತಿದ್ದಳು. ಅವನ ಬೆವರಿನ ಒಂದೊಂದು ದಿನವೂ ನನ್ನ ಕಪಾಟಿನಲ್ಲಿ ಮಡಿಸಿಟ್ಟಿತ್ತು. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೋಣೆ ತಣ್ಣಗಿತ್ತು. ನಾವಿಬ್ಬರೂ ಕನಸಿನಲ್ಲಿ ಕೂತ ಹಾಗೆ ಕೂತಿದ್ದೆವು.

ಪಂಚಮಿಯ ಕಾಗದ ಬಂದಾಗ ಅವನು ತಲೆ ಅಲ್ಲಾಡಿಸಿದ. "ಇದ ನಂದಲ್ರಿ."

"ಹೇಗೆ ಹೇಳ್ತೀಯ?"

"ಗೊತ್ತಿಲ್ರಿ. ಇದರ ಮಾರಿ ಬ್ಯಾರೆ ಐತಿ."

ಭೂತಗನ್ನಡಿ ತಂದು ಬಗ್ಗಿದೆ. ಮೂರು ತಿಂಗಳ ಕ್ಯೂಗಳಲ್ಲಿ ಪ್ರತಿಯೊಂದರಲ್ಲೂ ಸೂಜಿಯ ಮೊದಲ ಹೆಜ್ಜೆ ಮೇಲಕ್ಕೆ. ಇದೊಂದರಲ್ಲಿ ಮಾತ್ರ ಕೂದಲೆಳೆಯಷ್ಟು ಕೆಳಕ್ಕೆ ಇಳಿದು, ಆಮೇಲೆ ಹಾರಿತ್ತು. ಯಾರೋ ನೆಲವನ್ನು ಎಳೆದಿದ್ದರು, ತಳ್ಳಿರಲಿಲ್ಲ. ಮದ್ದು ಎಂದೂ ಎಳೆಯುವುದಿಲ್ಲ. ಶೇಷಾದ್ರಿ ಸಾರ್ ಅಂಗೈ ಜಾರಿಸಿ ತೋರಿಸಿದ್ದು ಕಣ್ಣ ಮುಂದೆ ಬಂತು. ಒಬ್ಬ ಮನುಷ್ಯನನ್ನು ನಾನು ಅಕ್ಷರವೊಂದರಿಂದ ಹಿಡಿದುಕೊಟ್ಟಿದ್ದೆ.

ಶೇಷಾದ್ರಿ ಸಾರ್‌ಗೆ ಹೇಳಲು ಹೋದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಕನ್ನಡಕ ತೆಗೆದು ಒರೆಸಿಕೊಂಡು, "ಅದರ ಮೇಲೆ ನನ್ನ ಸಹೀನೂ ಇದೆಯಲ್ಲಪ್ಪ," ಎಂದರು. ಕಚೇರಿಯ ಒಬ್ಬರು, ಹೋದದ್ದು ಹೋಯಿತು, ಈಗ ತಿದ್ದಿದರೆ ನಮ್ಮ ಹಳೆಯ ದಾಖಲೆಗಳನ್ನೆಲ್ಲ ಅನುಮಾನಿಸುತ್ತಾರೆ, ಸುಮ್ಮನಿದ್ದುಬಿಡಿ ಎಂದರು. ಸಾರ್ ಅವರ ಕಡೆ ತಿರುಗಿಯೂ ನೋಡದೆ ಫೋನು ಎತ್ತಿ, ಕ್ವಾರಿಯಿಂದ ಆಚೆ ದಿಕ್ಕಿನಲ್ಲಿ ಬಹು ದೂರದ ಇನ್ನೊಂದು ಕೇಂದ್ರಕ್ಕೆ ಮಾತನಾಡಿದರು. ಕ್ವಾರಿಯ ಮದ್ದು ಅಷ್ಟು ದೂರ ಮುಟ್ಟುವುದೇ ಇಲ್ಲ. ಮಾರನೆಯ ದಿನ ಫ್ಯಾಕ್ಸಿನಲ್ಲಿ ಅವರ ಗೀಟು ಬಂತು. ಸಣ್ಣದಾಗಿ, ಆದರೆ ಸ್ಪಷ್ಟವಾಗಿ, ಅದೇ ಹೊತ್ತಿಗೆ ಸೂಜಿ ನಡುಗಿತ್ತು. ಅಲ್ಲಿ ಮೊದಲ ಹೆಜ್ಜೆ ಮೇಲಕ್ಕೆ ಇತ್ತು. ನಮಗೆ ಎಳೆದದ್ದು ಅವರಿಗೆ ತಳ್ಳಿತ್ತು.

ನಾನು ರಬ್ಬರು ತೆಗೆದುಕೊಂಡೆ. ಸಾರ್ ಕೈ ಹಿಡಿದರು.

"ಅಳಿಸಬೇಡ. ಕ್ಯೂ ಮೇಲೆ ಒಂದು ಗೀಟು ಹೊಡಿ. ಪಕ್ಕದಲ್ಲಿ ಭೂಕಂಪ ಅಂತ ಬರಿ. ಕೆಳಗೆ ನಿನ್ನ ಹೆಸರು, ಅದರ ಕೆಳಗೆ ನನ್ನ ಹೆಸರು. ನಾವು ತಪ್ಪು ಮಾಡಿದ್ದು ಕಾಣಬೇಕು."

ವಿಚಾರಣೆಗೆ ಮುಂಚೆ ನಾವಿಬ್ಬರೂ ಮುನಿಯಮ್ಮನ ಮನೆಗೆ ಹೋದೆವು. ಕೆರೆಯಂಚಿನ ಮೆತ್ತನೆ ಗೋಡು ಮಣ್ಣಿನ ಮೇಲೆ ಅವಳ ಕೊಟ್ಟಿಗೆ ಇತ್ತು, ಒಂದು ಗೋಡೆ ಪೂರ್ತಿ ಮಲಗಿತ್ತು. ಹತ್ತಿರದ ಬಂಡೆಯ ಮೇಲಿನ ಮನೆಗಳಿಗೆ ಏನೂ ಆಗಿರಲಿಲ್ಲ. ತಟ್ಟೆ ಅಲುಗಿಸಿದರೆ ಕಲ್ಲುಸಕ್ಕರೆ ಸುಮ್ಮನಿರುತ್ತದೆ, ಮೊಸರು ತುಳುಕುತ್ತದೆ ಎಂದು ಸಾರ್ ನನಗೆ ಮೆಲ್ಲಗೆ ಹೇಳಿದರು.

ಮುದುಕಿಯನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ದೂರು ಬರೆದವರು ಅವಳ ಹೆಬ್ಬೆಟ್ಟು ಮಾತ್ರ ಪಡೆದಿದ್ದರು.

"ಕ್ವಾರಿ ಬಾಂಬು ನಂಗ್ ಗೊತ್ತಿಲ್ವೇನಪ್ಪ? ದಿನಾ ಕೇಳ್ತೀನಿ. ಅದು ಮೇಗ್ಲಿಂದ ಬತ್ತದೆ, ಕಿವಿಗೆ ಒಡೀತದೆ. ಇದು ಅಡೀಲಿಂದ ಬಂತು. ಮೊದ್ಲು ಕಾಲ್ಗೆ ಗೊತ್ತಾಯ್ತು. ಬಾವಿ ನೀರು ಕದಡೋಯ್ತು," ಎಂದಳು. "ಬೆಳಗ್ಗೆ ಉತ್ತಕ್ಕೆ ತನಿ ಎರ್ದು ಬಂದಿದ್ದೆ. ಆದಿಸೇಸ ಎಡೆ ಬದ್ಲಾಯ್ಸವ್ನೆ. ಆ ಮದ್ದಿನೋನ್ನ ಯಾಕಪ್ಪ ಇಡ್ಕೊಂಡೋಗ್ತೀರಿ?"

ಹಸು ಕಳೆದುಕೊಂಡವಳು ಅವಳು. ಪರಿಹಾರ ಬರುವುದಿದ್ದರೆ ಕ್ವಾರಿಯಿಂದಲೇ ಬರಬೇಕಿತ್ತು. ಆದರೂ ಅವಳು ವಿಚಾರಣೆಗೆ ಬಂದು ಅದನ್ನೇ ಹೇಳಿದಳು. ಆದಿಶೇಷನ ಮಾತಿಗೆ ಅಧಿಕಾರಿ ನಕ್ಕಾಗ ಶೇಷಾದ್ರಿ ಸಾರ್ ನಗಲಿಲ್ಲ. ಎದ್ದು ನಿಂತು, "ಅಜ್ಜಿ ಹೇಳಿದ್ದೇ ಸರಿ. ಕೆಳಗೆ ಭಾರ ಬದಲಾಯ್ತು. ತಪ್ಪು ಓದಿದವರು ನಾವು," ಎಂದು ಎರಡೂ ಕಾಗದ ಮೇಜಿನ ಮೇಲಿಟ್ಟರು. ನಾನು ಎಲ್ಲರ ಮುಂದೆ, ಮೊದಲ ಪತ್ರ ನನ್ನದು, ನೋಡದೆ ಬರೆದೆ ಎಂದು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. ಯಲ್ಲಪ್ಪನಿಗೆ ಪರವಾನಗಿ ಮರಳಿ ಸಿಕ್ಕಿತು. ನನಗೆ ಛೀಮಾರಿ ಪತ್ರ ಬಂತು, ಅದು ಬರಬೇಕಾದದ್ದೇ. ಸಾರ್ ತಮ್ಮ ಕೈಯಿಂದ ಮುನಿಯಮ್ಮನಿಗೆ ಒಂದು ಕರು ಕೊಡಿಸಿದರು ಎಂದು ಅವರು ತೀರಿಕೊಂಡ ಮೇಲೆ ನನಗೆ ತಿಳಿಯಿತು.

ಅದಾದ ಮೇಲೆ ಒಂದು ಹೊಸ ಪದ್ಧತಿ ಶುರುವಾಯಿತು. ಅದು ಯಾವ ಕೈಪಿಡಿಯಲ್ಲೂ ಇಲ್ಲ. ಸಂಜೆ ನಾಲ್ಕು ದಾಟಿದೊಡನೆ ನಮ್ಮ ಕೇಂದ್ರದ ಫೋನು ಎರಡು ಸಲ ಗಂಟೆ ಹೊಡೆದು ನಿಲ್ಲುತ್ತಿತ್ತು. ಮದ್ದಿಗೆ ಬೆಂಕಿ ಕೊಡುವ ಮೊದಲು ಯಲ್ಲಪ್ಪ ಕ್ವಾರಿಯಿಂದ ಮಾಡುತ್ತಿದ್ದ ಕರೆ. ಎತ್ತುವ ಹಾಗಿಲ್ಲ, ಮಾತಿಲ್ಲ. ಇದು ನಂದು ಎಂದು ಅದರ ಅರ್ಥ. ಐದು ನಿಮಿಷಕ್ಕೆ ಸೂಜಿ ಹಾರುತ್ತಿತ್ತು. ನಾನು ಮೊದಲ ಹೆಜ್ಜೆ ನೋಡಿ, ಆಮೇಲೆ ಕ್ಯೂ ಬರೆಯುತ್ತಿದ್ದೆ. ಕ್ವಾರಿ ಮುಚ್ಚುವವರೆಗೂ, ಒಂಬತ್ತು ವರ್ಷ, ಅದು ತಪ್ಪಲಿಲ್ಲ.

ಕ್ವಾರಿಯ ಗುಂಡಿಯಲ್ಲಿ ನೀರು ನಿಂತಿತು, ಪಕ್ಕದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಯಲ್ಲಪ್ಪ ನನ್ನ ನಂಬರು ಬರೆದುಕೊಂಡು ಊರಿಗೆ ಹೋದ. ಉರುಳೆ ಹೋಗಿ ಕಂಪ್ಯೂಟರು ಬಂತು, ಶಾಯಿಯ ವಾಸನೆ ಹೋಯಿತು. ಹೊರವರ್ತುಲ ರಸ್ತೆಯ ಲಾರಿ, ಬಸ್ಸು, ಕಂಬ ಹೂಳುವ ಯಂತ್ರಗಳ ಸದ್ದಿಗೆ ನಮ್ಮ ಗೀಟು ವರ್ಷವರ್ಷಕ್ಕೂ ದಪ್ಪವಾಗುತ್ತ ಹೋಯಿತು. ಭೂಮಿ ಪಿಸುಗುಟ್ಟುವುದು ಅದರಲ್ಲಿ ಮುಳುಗಿಹೋಗುತ್ತಿತ್ತು. ನಿವೃತ್ತಿಗೆ ಸ್ವಲ್ಪ ಮುಂಚೆ ಲಾಕ್‌ಡೌನ್ ಬಂದಾಗ ಒಂದು ಬೆಳಿಗ್ಗೆ ಪರದೆ ತೆರೆದೆ. ಗೀಟು ನಾನು ಸೇರಿದ ವರ್ಷದಷ್ಟೇ ಸಣ್ಣಗೆ, ನೇರವಾಗಿ ಹರಿಯುತ್ತಿತ್ತು. ಅಷ್ಟು ಭಯದ ದಿನಗಳಲ್ಲೂ ನನಗೆ ಕಳೆದುಹೋದ ಹಳೆಯ ಗೆಳೆಯ ಸಿಕ್ಕ ಹಾಗಾಯಿತು. ಸಂಜೆ ನಾಲ್ಕು ದಾಟುವಾಗ ಸುಮ್ಮನೆ ಫೋನಿನ ಕಡೆ ನೋಡಿದೆ.

ಈಗಿನವರಿಗೆ ಹೇಳುವುದು ಬಹಳವಿಲ್ಲ. ನಿಮ್ಮ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಹೆಸರು ಬರೆದುಕೊಡುತ್ತದೆ. ಬರೆಯಲಿ. ನೀವು ಮಾತ್ರ ಮೊದಲ ಹೆಜ್ಜೆ ನೋಡಿ. ಆ ಗೀಟಿನ ಆಚೆ ತುದಿಯಲ್ಲಿ ಯಾರಾದರೂ ಇರುತ್ತಾರೆ.

ಹೋದ ತಿಂಗಳು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಕಿಟಕಿಯ ಗಾಜು ಒಮ್ಮೆ ಗಡಗಡ ಎಂದಿತು. ಪಾತ್ರೆ ಅಲುಗಿತು. ಕೆಳಗೆ ಪಿ.ಜಿ.ಯ ಹುಡುಗರೆಲ್ಲ ಬೀದಿಗೆ ಬಂದು "ಏನ್ ಗುರು ಅದು, ಬಾಂಬಾ?" "ಭೂಕಂಪ ಕಣೋ ಮಗಾ!" ಎಂದು ಕೂಗಾಡುತ್ತಿದ್ದರು. ನಾನು ಬರಿಗಾಲಲ್ಲಿ ಎದ್ದು ನೆಲಕ್ಕೆ ಅಂಗೈ ಇಟ್ಟು ಕೂತೆ. ಹಳೆಯ ಚಟ. ನನ್ನಾಕೆ, "ನೆಲ ಏನಂತೆ?" ಎಂದು ನಕ್ಕಳು.

ಸ್ವಲ್ಪ ಹೊತ್ತಿನ ಮೇಲೆ ಮೊಬೈಲು ಎರಡು ಸಲ ಬಡಿದುಕೊಂಡು ನಿಂತಿತು. ನಂಬರು ಗುರುತಿಲ್ಲ. ಆದರೂ ಆ ಎರಡು ಸಲದ ಲೆಕ್ಕ ಗುರುತಿತ್ತು. ತಿರುಗಿ ಕರೆ ಮಾಡಿದೆ.

"ಸಾಹೇಬ್ರ," ಎಂದಿತು ಮುದಿ ದನಿಯೊಂದು. "ಬೆಂಗಳೂರಾಗ ನೆಲ ನಡಗೇತಂತ, ಟೀವ್ಯಾಗ ತೋರಸಾಕತ್ತಾರ. ಆರಾಮ ಅದೀರಿಲ್ರಿ?"

"ಆರಾಮಾಗಿದ್ದೀನಿ ಯಲ್ಲಪ್ಪ."

"ನಾ ಊರಾಗ ಅದೀನ್ರಿ," ಎಂದ. ಆಮೇಲೆ ನಕ್ಕ. ನಾನೂ ನಕ್ಕೆ. ನಗುತ್ತಲೇ ನನ್ನ ಕಣ್ಣು ಮಂಜಾಯಿತು. "ಬರಕೊಳ್ರಿ ಮತ್ತ," ಎಂದ.

ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಅವತ್ತಿನ ಮನೆಯಲ್ಲಿ ಪೆನ್ಸಿಲಿನಿಂದ ಗಂಟೆ, ನಿಮಿಷ ಬರೆದೆ. ಪಕ್ಕದಲ್ಲಿ ಬರೆದೆ: ಯಲ್ಲಪ್ಪ ಊರಿನಲ್ಲಿದ್ದಾನೆ.